ಗ್ಯಾಸ್ ಟ್ಯಾಂಕಿಗೆ ನಾನು ಸುರಿದ ಕುರಿಗೊಬ್ಬರ

ಒಲೆಯ ಬೆಂಕಿ ಕೆಟ್ಟಿದೆ ಎಂದು ಮೊದಲು ಹೇಳಿದ್ದು ಸಬ್ಬಕ್ಕಿ ಹುರಿಯುವ ಹೆಂಗಸು. ಪೊಂಗಲ್ ಮುಗಿದು ಎರಡನೇ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ನಾನು ಗ್ಯಾಸ್ ಟ್ಯಾಂಕಿನ ಪಕ್ಕ ನಿಂತು ಒತ್ತಡದ ಕೊಳವೆ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆಕೆ ತಟ್ಟೆಗೆ ಸವರುವ ತೆಂಗಿನೆಣ್ಣೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿನ ಬಾಗಿಲಿಗೆ ಬಂದು ಕೂಗಿದಳು.

“ಅಣ್ಣಾ, ನಿನ್ ಗ್ಯಾಸಿಗೆ ಕಾಮಾಲೆ ಬಂದೈತೆ. ಬಂದು ನೋಡು!”

ಒಳಗಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನೀಲಿಯಾಗಿ, ಬರ್ನರಿಗೆ ಅಂಟಿಕೊಂಡು ಉರಿಯಬೇಕಾದ ಬೆಂಕಿ ಪೇಲವವಾಗಿ, ತುದಿಯಲ್ಲಿ ಹಳದಿಯಾಗಿ, ಮೇಲಕ್ಕೆ ಹಾರಿ ಹಾರಿ ಉರಿಯುತ್ತಿತ್ತು. ನೋಡುತ್ತಿದ್ದಂತೆ ಎರಡು ಒಲೆ ಆರಿದವು. ಹಿಂದಕ್ಕೆ ಓಡಿ ಟ್ಯಾಂಕಿನ ನೀರು ಹಿಡಿದು ಪಿಎಚ್ ಪೇಪರ್ ಅದ್ದಿದೆ. ಏಳರ ಹತ್ತಿರ ಇರಬೇಕಾದದ್ದು ಆರೂಕಾಲಿಗೆ ಇಳಿದಿತ್ತು. ಟ್ಯಾಂಕು ಹುಳಿಯಾಗಿತ್ತು.

ಸೇಲಂ ಹತ್ತಿರದ ಓಮಲೂರಿನಿಂದ ಧರ್ಮಪುರಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಸೇಗೋ ಫ್ಯಾಕ್ಟರಿ. ಮರಗೆಣಸು ತೊಳೆದು, ಸಿಪ್ಪೆ ತೆಗೆದು, ಅರೆದು, ಹಾಲು ಹಿಂಡಿ ಸಬ್ಬಕ್ಕಿ ಮಾಡುತ್ತೇವೆ. ಹಿಂಡಿದ ಮೇಲೆ ಉಳಿಯುವ ನಾರಿನ ಹಿಂಡಿಗೆ ತಿಪ್ಪಿ ಎನ್ನುತ್ತಾರೆ. ಒಣಗಿಸಿದರೆ ದನಕ್ಕೂ ಕುರಿಗೂ ಮೇವು. ಉಳಿಯುವ ಹುಳಿನೀರು ಮುಚ್ಚಿದ ಕಾಂಕ್ರೀಟ್ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಹುಳುಗಳು ಅದನ್ನು ತಿಂದು ಗ್ಯಾಸ್ ಬಿಡುತ್ತವೆ. ಆ ಗ್ಯಾಸು ಪೈಪಿನಲ್ಲಿ ಪಕ್ಕದ ಶೆಡ್ಡಿನ ರಬ್ಬರ್ ಬಲೂನಿಗೆ, ಅಲ್ಲಿಂದ ಹುರಿಯುವ ಒಲೆಗೆ ಬರುತ್ತದೆ. ಗ್ಯಾಸು ಬರುವ ಮೊದಲು ಇದೇ ಒಲೆಗೆ ಸೀಮೆಜಾಲಿ, ಹುಣಸೆ, ಕೈಗೆ ಸಿಕ್ಕ ಮರವನ್ನೆಲ್ಲ ಕಡಿದು ಹಾಕುತ್ತಿದ್ದೆವು. ಹುಳಿನೀರು ನೇರ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಆ ಕಾಲದಲ್ಲಿ ಕೆರೆ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕಿತ್ತು.

ಟ್ಯಾಂಕು ಕಟ್ಟಿದ ದಿನದಿಂದ ಅದರ ಕೆಲಸ ನನ್ನದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಕುರಿ ಹಿಂದೆ ಹೋದವನು ನಾನು. ಇವನಿಗೆ ಪಿಎಚ್ ಅಂದರೆ ಏನು ಗೊತ್ತಾಗುತ್ತೆ ಎಂದವರಿದ್ದರು. ಮೂರು ತಿಂಗಳಲ್ಲಿ ಕಲಿತೆ. ಹಳ್ಳದ ಕಡೆಗೆ ಹೋಗುವ ಹಳೆಯ ವಾಲ್ವಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ. ಅಲ್ಲಿಂದ ಒಂದು ದಿನವೂ ಅದನ್ನು ತೆಗೆದಿರಲಿಲ್ಲ.

ಹುಳಿಯಾದದ್ದು ಯಾಕೆ ಎಂದು ನನಗೆ ಗೊತ್ತಿತ್ತು. ಧರ್ಮಪುರಿ ಆಚೆ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡುವ ಫ್ಯಾಕ್ಟರಿ ಒಂದು ಶುರುವಾದ ಮೇಲೆ ಮರಗೆಣಸು ಅತ್ತ ಹೋಗತೊಡಗಿತ್ತು. ಬೆಳೆದವರಿಗೆ ಅದು ಒಳ್ಳೆಯದೇ. ಮೊದಲು ನಾವು ಹೇಳಿದ ಬೆಲೆಗೆ ತಲೆ ಆಡಿಸುತ್ತಿದ್ದವರು ಈಗ ಲಾರಿ ನಿಲ್ಲಿಸಿಕೊಂಡು ಎಷ್ಟು ಕೊಡ್ತೀರಿ ಎಂದು ನಮ್ಮನ್ನೇ ಕೇಳುವಂತಾದರು. ಫ್ಯಾಕ್ಟರಿಯ ಧಣಿ, ನಮ್ಮ ಮೊದಲಾಳಿಗೆ ಕಷ್ಟವಾಯಿತು. ಗೆಣಸು ದುಬಾರಿ, ಕರೆಂಟೂ ದುಬಾರಿ. ತಿಪ್ಪಿಯನ್ನೂ ಟ್ಯಾಂಕಿಗೇ ಹಾಕಿದರೆ ಇನ್ನಷ್ಟು ಗ್ಯಾಸ್ ಬರುತ್ತದೆ, ಜನರೇಟರ್ ಓಡಿಸಬಹುದು ಎಂದು ಯಾರೋ ಹೇಳಿದ್ದರು. ಮೊದಲಾಳಿ ನನ್ನನ್ನು ಕರೆದು, ಟ್ಯಾಂಕು ತಡೆಯುತ್ತದಾ ಎಂದು ಕೇಳಿದರು.

“ಕಲ್ಲಾಕಿ ಮೊದಲಾಳಿ, ಅರಗಿಸ್ತದೆ ನನ್ ಟ್ಯಾಂಕು” ಅಂದೆ.

ಹಾಗೆ ಅಂದವನು ನಾನೇ. ದಿನಕ್ಕೆ ಒಂದು ಗಾಡಿಯಿಂದ ಶುರುವಾದದ್ದು ಮೂರು ಗಾಡಿ ಆಯಿತು. ಎರಡು ವಾರ ಜನರೇಟರ್ ಚೆನ್ನಾಗಿ ಓಡಿತು. ಮೂರನೇ ವಾರಕ್ಕೆ ಬೆಂಕಿಗೆ ಕಾಮಾಲೆ ಬಂತು.

ಮೊದಲಾಳಿ ಸೇಲಂನ ಗ್ಯಾಸ್ ಇಂಜಿನಿಯರ್ ಮೇಡಂಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಹೊಸೂರಿನಲ್ಲಿ ಬೆಳೆದ ಹೆಣ್ಣುಮಗಳು, ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

“ತಿಪ್ಪಿ ಇವತ್ತೇ ನಿಲ್ಲಿಸಿ ಅಣ್ಣಾ. ಹುಳಿನೀರು ಅರ್ಧ ಮಾಡಿ. ಒಳಗಿರೋ ಹುಳು ಸಾಯ್ತಾ ಇದೆ, ಹೊಸದು ಬಿಡಬೇಕು. ಹಸುವಿನ ಹಸಿ ಸಗಣಿ ಎರಡು ಟ್ರಾಕ್ಟರ್, ನೀರಲ್ಲಿ ಕದಡಿ, ಸೋಸಿ ಹಾಕಿ. ಸೋಸೋದು ಮರೀಬೇಡಿ. ಗುರುವಾರ ನಾನು ಬರ್ತೀನಿ. ಟ್ಯಾಂಕು ಸತ್ತರೆ ಮತ್ತೆ ಎಬ್ಬಿಸೋಕೆ ಮೂರು ತಿಂಗಳು ಬೇಕು.”

ಟ್ಯಾಂಕು ಸತ್ತರೆ ಹುಳಿನೀರಿಗೆ ಇರುವುದು ಒಂದೇ ದಾರಿ, ಹಳ್ಳದ ವಾಲ್ವು. ನನ್ನ ಸೊಂಟದ ಕೀಲಿ ತಣ್ಣಗೆ ಮೈಗೆ ತಾಗುತ್ತಿತ್ತು.

ಸಗಣಿಗೆ ಊರಿನೊಳಗೆ ಹೋದೆ. ನಮ್ಮ ತಿಪ್ಪಿ ತಿಂದು ಬೆಳೆದ ಹಸುಗಳು ಆ ಬೀದಿಯ ತುಂಬ ಇದ್ದವು. ಆ ಹಸುಗಳ ಮನೆಯವರನ್ನು ಮೂರು ವಾರದಿಂದ ತಿಪ್ಪಿ ಇಲ್ಲ ಎಂದು ಗೇಟಿನಿಂದ ವಾಪಸ್ ಕಳಿಸಿದ್ದು ನಾನೇ ಎಂಬುದು ಬೀದಿಯ ಮೊದಲ ಮನೆಯಲ್ಲೇ ನೆನಪಾಯಿತು. ನಾಲ್ಕು ಹಸು ಕಟ್ಟಿದ್ದ ಅಜ್ಜಿ ಸಗಣಿ ತಟ್ಟುತ್ತ ಕೂತಿದ್ದಳು.

“ತಿಪ್ಪಿ ಯಾರಿಗ್ ಕೊಟ್ರಪ್ಪಾ?”

“ಟ್ಯಾಂಕಿಗೆ, ಅಜ್ಜಿ.”

“ಅಂಗಾದ್ರೆ ಸಗಣಿನೂ ಟ್ಯಾಂಕೇ ಆಕುತ್ತೆ, ಓಗಿ ಅದರ ಇಂದೆ ನಿಂತ್ಕೊ.”

ಬೀದಿಯ ಕೊನೆವರೆಗೂ ಅದೇ ಮಾತು ನನಗಿಂತ ಮೊದಲೇ ತಲುಪಿತ್ತು. ಸಂಜೆವರೆಗೆ ತಿರುಗಿದರೂ ನಾಲ್ಕು ಬುಟ್ಟಿ ಸಿಕ್ಕಿತು.

ಆಗ ನನಗೆ ನಮ್ಮ ಕುರಿ ನೆನಪಾದವು. ಅಪ್ಪನ ಮಂದೆ ಈಗ ಅಕ್ಕನ ಗಂಡನ ಕೈಯಲ್ಲಿದೆ. ಆ ವಾರ ಅವರ ಹಟ್ಟಿ ನಂಗವಳ್ಳಿ ಕಡೆ, ಕಡಲೆಕಾಯಿ ಕಿತ್ತ ಹೊಲವೊಂದರ ಅಂಚಿನಲ್ಲಿತ್ತು. ಕುರಿ ಹಿಕ್ಕೆಯ ಕಾವು ಯಾವ ಸಗಣಿಗೂ ಇಲ್ಲ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದೇವೆ. ಹೊಲಕ್ಕೆ ಒಂದು ರಾತ್ರಿ ಮಂದೆ ನಿಲ್ಲಿಸಿ ಎಂದು ಊಟ ಹಾಕಿ ಕರೆಯುತ್ತಾರೆ. ಹಸುವಿನದೇ ಇಷ್ಟು ಮಾಡುವುದಾದರೆ ನಮ್ಮ ಕುರಿಯದು ಅದರಪ್ಪನಂಗೆ ಮಾಡುತ್ತದೆ ಎಂದು ಲೆಕ್ಕ ಹಾಕಿದೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಮೇಡಂ ಬೇಡ ಅನ್ನುತ್ತಿದ್ದಳು ಎಂಬ ಅನುಮಾನ ಇದ್ದದ್ದರಿಂದಲೇ ಕೇಳಲಿಲ್ಲ ಎಂದು ಈಗ ಅನಿಸುತ್ತದೆ.

ಮಂಗಳವಾರ ಬೆಳಿಗ್ಗೆ ಟ್ರಾಕ್ಟರ್ ತಗೊಂಡು ಹೋದೆ. ಬಾವ ರಾತ್ರಿ ಮಂದೆಯ ಸುತ್ತ ಕಟ್ಟಿದ್ದ ಬಲೆ ಸುತ್ತಿಡುತ್ತಿದ್ದರು. ನನ್ನನ್ನು ನೋಡಿದವರೇ ನಕ್ಕರು.

“ಏನ್ಲಾ ಬಾಮೈದ, ಪ್ಯಾಕ್ಟ್ರಿ ಬಿಟ್ಟು ಕುರಿ ಕಾಯಾಕ್ ಬಂದಾ?”

“ಗೊಬ್ಬರ ಬೇಕು ಬಾವ. ಟ್ಯಾಂಕಿಗೆ.”

ಸಂಗತಿ ಹೇಳಿದೆ. ಅವರು ಕೋಲು ಊರಿ ನಿಂತು ಪೂರ್ತಿ ಕೇಳಿದರು.

“ಕಾರು ಕುಡಿಯಾಕೆ ಮರಗೆಣಸು ಬೇಕು. ಜನರೇಟ್ರು ತಿನ್ನಾಕೆ ತಿಪ್ಪಿ ಬೇಕು. ನನ್ ಕುರಿಗೆ ಏನ್ಲಾ ಇಕ್ಕಲಿ, ನಿನ್ ಪೀಹೆಚ್ ಪೇಪರಾ?”

“ಈಗ ಅದಲ್ಲ ಬಾವ. ಟ್ಯಾಂಕ್ ಕೆಟ್ರೆ ಹುಳಿನೀರು ಕೆರೆಗೆ ಓಗ್ತದೆ.”

ಅವರ ನಗು ನಿಂತಿತು. ಶನಿವಾರ ಮಂದೆ ನಮ್ಮ ಕೆರೆಗೆ ಬರುವುದಿತ್ತು. ಆ ಹಾದಿಯಲ್ಲಿ ಕುಡಿಯುವ ನೀರು ಅದೊಂದೇ. ಹುಳಿನೀರು ಕುಡಿದ ಕುರಿ ಹೊಟ್ಟೆ ಉಬ್ಬಿ ಕಾಲು ಚಾಚುವುದನ್ನು ಚಿಕ್ಕಂದಿನಲ್ಲಿ ನಾನೂ ನೋಡಿದ್ದೇನೆ, ಅವರೂ ನೋಡಿದ್ದಾರೆ.

“ತುಂಬ್ಕೊ. ಎಷ್ಟ್ ಬೇಕಾದ್ರೂ ತುಂಬ್ಕೊ. ಶನಿವಾರ ನೀರು ನೆಟ್ಟಗಿರಬೇಕು, ಅಷ್ಟೇ.” ಇರುತ್ತೆ ಬಾವ ಅಂದೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ಕೂಗಿದರು: “ಲೇ, ಮೊನ್ನೆ ತಾನೆ ಉಣ್ಣೆ ಕತ್ತರಿಸಿದೀವಿ. ಜರಡಿ ಆಡಿಸ್ಕೊಂಡು ಓಗು!”

ಈ ಕಡೆ ಹೆಚ್ಚಾಗಿ ಸಾಕುವ ಮೇಚೇರಿಯ ಕೆಂಪು ಕುರಿಗೆ ಉಣ್ಣೆ ಇಲ್ಲ. ನಮ್ಮದು ಕರಿ ಕಂಬಳಿ ಕುರಿ. ಹಟ್ಟಿಯ ನೆಲದಲ್ಲಿ ಹಿಕ್ಕೆಯ ಜೊತೆ ಕಪ್ಪು ಉಣ್ಣೆ ಚೂರು ಕಣ್ಣಿಗೆ ಕಾಣುವಷ್ಟು ಇತ್ತು. ಜರಡಿ ಆಡಿಸಿದರೆ ಮಧ್ಯಾಹ್ನ ದಾಟುತ್ತಿತ್ತು. ಉಣ್ಣೆ ಏನು ಮಾಡುತ್ತದೆ, ಕರಗಿ ಹೋಗುತ್ತದೆ ಅಂದುಕೊಂಡೆ. ಎರಡು ಟ್ರಾಕ್ಟರ್ ಹಿಕ್ಕೆ ತಂದು, ನೀರಲ್ಲಿ ಕದಡಿ, ಸೋಸದೆ ಸುರಿದೆ. ಸಗಣಿ ತಂದೆಯಾ ಎಂದು ಮೊದಲಾಳಿ ಕೇಳಿದಾಗ ಹೂಂ ಅಂದೆ. ಪುಸ್ತಕದಲ್ಲಿ ಬರೆದೆ: ಸಗಣಿ, ಎರಡು ಲೋಡು.

ಅವತ್ತು ಸಂಜೆ ಪಿಎಚ್ ಆರೂವರೆ ತೋರಿಸಿತು. ಗೆದ್ದೆ ಅಂದುಕೊಂಡು ಮನೆಗೆ ಹೋದೆ. ಮೀಸೆ ತಿರುವಿಕೊಂಡೇ ಊಟ ಮಾಡಿದೆ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಬುಧವಾರ ಹತ್ತು ಗಂಟೆಗೆ ಟ್ಯಾಂಕಿನ ನೀರು ತಿರುಗಿಸುವ ಪಂಪು ಗೊರಗೊರ ಅಂದು ನಿಂತಿತು. ನಮ್ಮ ಫಿಟ್ಟರು ನಂಗವಳ್ಳಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಮನೆಯಲ್ಲಿ ಕನ್ನಡ ಆಡುವವನು, ನನ್ನನ್ನು ಅಣ್ಣ ಅನ್ನುವವನು. ಪಂಪು ಬಿಚ್ಚಿ ಒಳಗಿನ ಚಕ್ರದಿಂದ ಮೊಳದುದ್ದದ ಒಂದು ಹುರಿಯನ್ನು ಎಳೆದು ತೆಗೆದ. ಕಪ್ಪಗೆ, ಜಿಡ್ಡುಜಿಡ್ಡಾಗಿ, ಯಾರೋ ಕೂತು ಹೊಸೆದ ಹಾಗಿತ್ತು.

“ಇದೇನಣ್ಣ ಇದು? ಗೋಣಿ ನಾರಾ?”

“ಇರಬೋದು” ಅಂದೆ.

ಮೊದಲಾಳಿ ಹಿಂದೆಯೇ ನಿಂತಿದ್ದರು. ಟ್ಯಾಂಕಿಗೆ ನೀರು ಹೋಗುವ ತೊಟ್ಟಿಯ ಹತ್ತಿರ ಹಳೆ ಗೋಣಿಚೀಲ ಒಟ್ಟುವುದು ಫಿಟ್ಟರಿನ ಅಭ್ಯಾಸ. ಚೀಲ ಬಿದ್ದದ್ದನ್ನೂ ನೋಡದೆ ಪಂಪು ಓಡಿಸಿದ್ದೀಯ, ಕಣ್ಣು ಎಲ್ಲಿಟ್ಟಿದ್ದೆ ಎಂದು ತಮಿಳಿನಲ್ಲಿ ಸಿಪ್ಪೆ ತೆಗೆಯುವ ಹೆಂಗಸರೆಲ್ಲ ಕೇಳುವ ಹಾಗೆ ಬೈದರು. ಅವನು ತಲೆ ತಗ್ಗಿಸಿಕೊಂಡು “ಇಲ್ಲ ಮೊದಲಾಳಿ, ಚೀಲ ಎಲ್ಲ ಅಂಗೇ ಐತೆ, ಎಣಿಸಿ ಬೇಕಾದ್ರೆ” ಎಂದು ಎರಡು ಸಲ ಹೇಳಿದ. ನಾನು ಸ್ಪ್ಯಾನರ್ ಒರೆಸುತ್ತ ನಿಂತಿದ್ದೆ. ಆ ಹುರಿಯ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು.

ಗುರುವಾರ ಮೇಡಂ ಹತ್ತೂವರೆಗೆ ಬಂದಳು. ಜೀಪಿನಲ್ಲಿ ಹುಳಿ ಇಳಿಸುವ ಸೋಡಾಪುಡಿ ಚೀಲಗಳು, ಕೈಯಲ್ಲಿ ಗ್ಯಾಸ್ ಅಳೆಯುವ ಸಣ್ಣ ಮೀಟರು. ಇಳಿದವಳೇ ಮೊದಲು ನನ್ನ ಪುಸ್ತಕ ಕೇಳಿ ಓದಿದಳು.

“ಸಗಣಿ ಎರಡು ಲೋಡು. ಗುಡ್. ಹಾಗಾದರೆ ಯಾಕೆ ಎದ್ದಿಲ್ಲ ಇದು?”

ಅಷ್ಟರಲ್ಲಿ ಶೆಡ್ಡಿನಿಂದ ಕೂಗು ಬಂತು. ಒಲೆ ಪೂರ್ತಿ ಆರಿತ್ತು. ಬಲೂನು ಸುಕ್ಕಾಗಿ ಬಿದ್ದಿತ್ತು. ಗ್ಯಾಸೇ ಇಲ್ಲ ಅಂದುಕೊಂಡು ಟ್ಯಾಂಕಿನ ಒತ್ತಡದ ಕೊಳವೆ ನೋಡಿದರೆ ನೀರು ಇಪ್ಪತ್ತಾರು ಸೆಂಟಿಮೀಟರಿಗೆ ಏರಿತ್ತು. ದಿನಾ ಅದು ಹನ್ನೆರಡು ದಾಟುವುದಿಲ್ಲ. ಅಂದರೆ ಗ್ಯಾಸು ಟ್ಯಾಂಕಿನಲ್ಲಿದೆ, ಹೊರಗೆ ಬರುವ ಪೈಪು ಮುಚ್ಚಿದೆ.

“ಮೂವತ್ತಕ್ಕೆ ನೀರಿನ ಸೀಲು ಒಡೆಯುತ್ತೆ, ಗ್ಯಾಸ್ ಆಚೆ ಹೋಗುತ್ತೆ. ಭಯ ಇಲ್ಲ” ಎಂದಳು ಮೇಡಂ. ಹೆಚ್ಚಾದ ಒತ್ತಡ ತಾನಾಗಿ ಹೊರಹೋಗಲಿ ಎಂದು ಮುಚ್ಚಳದ ಪಕ್ಕ ನೀರು ತುಂಬಿದ ಒಂದು ಬಾಗಿದ ಕೊಳವೆ ಇರುತ್ತದೆ. ಅದೇ ಸೀಲು. ಎಲ್ಲರೂ ಅದನ್ನೇ ನೋಡುತ್ತ ನಿಂತೆವು. ಇಪ್ಪತ್ತೊಂಬತ್ತು. ಮೂವತ್ತೊಂದು. ಸೀಲಿನ ನೀರು ಅಲುಗಲಿಲ್ಲ. ಅದರ ಬಾಯಿಯೂ ಒಳಗಿನಿಂದ ಮುಚ್ಚಿತ್ತು. ಮೂವತ್ತನಾಲ್ಕು. ಫಿಟ್ಟರು ಕಾಂಕ್ರೀಟ್ ಮುಚ್ಚಳದ ಅಂಚಿಗೆ ಸೋಪಿನ ನೀರು ಸವರಿದ. ಸಾಲಾಗಿ ಗುಳ್ಳೆ ಎದ್ದವು. ಕಿವಿ ಕೊಟ್ಟರೆ ಸುಯ್ ಎನ್ನುವ ಸದ್ದು.

ಮೇಡಂ ಎಲ್ಲ ಒಲೆ, ಮೋಟರು, ಬೀಡಿ ನಿಲ್ಲಿಸಲು ಹೇಳಿದಳು. ಆಮೇಲೆ ಪುಸ್ತಕವನ್ನು ಇನ್ನೊಂದು ಸಲ ನೋಡಿ ಲೆಕ್ಕ ಹಾಕಿದಳು.

“ಸಗಣಿ ನೊರೆ ಮೇಲೆ ಬಂದಿದೆ, ಅಷ್ಟೇ. ಮೇಲಿನ ಬಾಗಿಲಿನ ಎರಡು ಬೋಲ್ಟ್ ಮಾತ್ರ ಸಡಿಲ ಮಾಡಿ ಗ್ಯಾಸ್ ಮೆಲ್ಲಗೆ ಬಿಡೋಣ. ಸಂದಿಯಿಂದ ರಾಡು ಹಾಕಿ ನೊರೆ ಒಡೆದರೆ ಕೂತುಬಿಡುತ್ತೆ. ಗಾಳಿ ಬೆನ್ನ ಹಿಂದೆ ಇರಲಿ, ಮುಖ ಹತ್ತಿರ ತಗೊಂಡು ಹೋಗಬೇಡಿ.”

“ನಾನೇ ಓಗ್ತೀನಿ” ಅಂದ ಫಿಟ್ಟರು. “ಪಂಪು ಕೆಡಿಸಿದೋನು ನಾನೇ ತಾನೆ.”

ಟವೆಲ್ಲನ್ನು ಮುಖಕ್ಕೆ ಕಟ್ಟಿಕೊಂಡು, ಸೊಂಟಕ್ಕೆ ಸ್ಪ್ಯಾನರ್ ಸಿಕ್ಕಿಸಿ, ಕೈಯಲ್ಲಿ ರಾಡು ಹಿಡಿದು ಏಣಿ ಹತ್ತಿದ.

ನನಗೆ ಒಳಗಿರುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ನೊರೆಯಲ್ಲ. ತಿಪ್ಪಿಯ ನಾರು, ತೇಲುವ ಹಿಕ್ಕೆ, ಉಣ್ಣೆ ಮೂರೂ ಹೆಣೆದುಕೊಂಡು ಕಂಬಳಿ ಕಟ್ಟಿರುತ್ತದೆ. ರಾಡು ತೂರುವುದಿಲ್ಲ. ತೂರದಿದ್ದರೆ ಇವನು ಬಿಡುವವನಲ್ಲ. ಎರಡು ಬೋಲ್ಟಿನ ಜಾಗದಲ್ಲಿ ನಾಲ್ಕು ಬಿಚ್ಚುತ್ತಾನೆ, ಬಾಗಿಲು ಎತ್ತಿ ಬಗ್ಗಿ ಕೈಯಿಂದ ಹರಿಯುತ್ತಾನೆ. ಹರಿದ ಕ್ಷಣ ಒಳಗಿನದೆಲ್ಲ ಅವನ ಮುಖಕ್ಕೆ. ಕೊಳೆತ ಮೊಟ್ಟೆಯ ವಾಸನೆ ಬರುವವರೆಗೆ ಆ ಗ್ಯಾಸಿನಿಂದ ಓಡಬಹುದು. ಹೆಚ್ಚಾದಾಗ ವಾಸನೆಯೇ ಗೊತ್ತಾಗುವುದಿಲ್ಲ. ಬಿದ್ದವನನ್ನು ಎತ್ತಲು ಹೋದವನೂ ಅಲ್ಲೇ ಬೀಳುತ್ತಾನೆ.

ಅವನು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

“ಇಳಿಯೋ ಕೆಳಗೆ!”

ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು.

“ಮೇಡಂ, ಬುಕ್ಕಲ್ಲಿ ಬರೆದಿರೋದು ಸುಳ್ಳು. ಅದು ಸಗಣಿ ಅಲ್ಲ, ಕುರಿ ಇಕ್ಕೆ. ಉಣ್ಣೆ ಕತ್ತರಿಸಿದ ಅಟ್ಟೀದು. ಸೋಸ್ಲಿಲ್ಲ. ನಾನೇ ಸುರಿದಿದ್ದು.”

“ಎಷ್ಟು?”

“ಎರಡು ಟ್ರಾಕ್ಟರ್.”

“ಪಂಪಲ್ಲಿ ಸಿಕ್ಕಿದ್ದು ಗೋಣಿ ಅಂತ ಮೊದಲಾಳಿ ಫೋನಲ್ಲಿ ಹೇಳಿದ್ರಲ್ಲ?”

“ಗೋಣಿ ಅಲ್ಲ. ನಮ್ ಕುರಿ ಉಣ್ಣೆ.”

ಫಿಟ್ಟರು ಏಣಿಯ ಮೇಲೆಯೇ ನಿಂತು ಟವೆಲ್ ಕೆಳಕ್ಕೆ ಎಳೆದ. “ನೆನ್ನೆನೇ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಅವನು ಇಳಿದು ಬಂದು ಸ್ಪ್ಯಾನರನ್ನು ನನ್ನ ಕಾಲ ಮುಂದೆ ನೆಲದ ಮೇಲಿಟ್ಟ. ಎಸೆಯಲಿಲ್ಲ, ಇಟ್ಟ. ಎಸೆದಿದ್ದರೆ ಚೆನ್ನಾಗಿತ್ತು.

ಕೊಳವೆ ಮೂವತ್ತೆಂಟು ತೋರಿಸುತ್ತಿತ್ತು. ಮೇಡಂ ನನ್ನನ್ನು ಬೈಯಲು ಸಮಯ ಹಾಳುಮಾಡಲಿಲ್ಲ. ಯಾರೂ ಮೇಲೆ ಹತ್ತುವಂತಿಲ್ಲ ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸಿದಳು. ಕೆಳಗಿನ ಪೈಪಿನಿಂದ ನೀರು ಬಿಟ್ಟು ಟ್ಯಾಂಕಿನ ಮಟ್ಟವನ್ನು ಒಂದಡಿ ಇಳಿಸಬೇಕು. ನೀರು ಇಳಿದರೆ ಮೇಲೆ ತೇಲುವ ಕಂಬಳಿಯೂ ಇಳಿಯುತ್ತದೆ, ಗ್ಯಾಸಿಗೆ ಜಾಗ ಸಿಗುತ್ತದೆ, ಪೈಪಿನ ಬಾಯಿ ಬಿಡುತ್ತದೆ. ಅಷ್ಟು ನೀರನ್ನು ಎಲ್ಲಿಗೆ ಬಿಡುವುದು ಎಂಬುದೇ ಪ್ರಶ್ನೆ. ಕೆಸರು ಒಣಗಿಸುವ ಗುಂಡಿಗಳು ಸೋಮವಾರದಿಂದ ಟ್ಯಾಂಕಿಗೆ ಹಾಕದೆ ಉಳಿಸಿದ ತಿಪ್ಪಿಯಿಂದ ತುಂಬಿದ್ದವು.

“ಹಳ್ಳದ ವಾಲ್ವ್ ತೆಗಿ” ಎಂದರು ಮೊದಲಾಳಿ.

“ತೆಗಿಯಲ್ಲ ಮೊದಲಾಳಿ.”

“ಏನಂದೆ?”

“ಇದು ಹುಳಿನೀರು. ಕೆರೆಗೆ ಓಗ್ತದೆ. ಅಂಗಳಕ್ಕೆ ಬಿಡಾಣ.”

ಅಂಗಳ ಎಂದರೆ ಸಬ್ಬಕ್ಕಿ ಒಣಗಿಸುವ ಸಿಮೆಂಟ್ ಕಳ. ಸುತ್ತ ಗೇಣೆತ್ತರದ ಕಟ್ಟೆ ಇದೆ, ನೀರು ನಿಲ್ಲುತ್ತದೆ. ಆದರೆ ಅವತ್ತಿನ ಸಬ್ಬಕ್ಕಿ ಅರ್ಧ ಒಣಗಿ ಅಲ್ಲೇ ಹರಡಿತ್ತು. ಕಳ ಹೊಲಸಾದರೆ ತೊಳೆದು ಮತ್ತೆ ಬಳಸಲು ವಾರ ಹಿಡಿಯುತ್ತದೆ. ಅಷ್ಟು ದಿನ ಅರೆಯುವಂತಿಲ್ಲ. ಗೇಟಿನಲ್ಲಿ ಎರಡು ಲಾರಿ ಗೆಣಸು ನಿಂತಿತ್ತು, ಕಿತ್ತ ಗೆಣಸು ಮೂರು ದಿನಕ್ಕೆ ಕಪ್ಪಾಗುತ್ತದೆ.

“ತಪ್ಪು ನಿನ್ನದು, ನಷ್ಟ ನನ್ನದಾ? ಕೀ ಕೊಟ್ಟು ಮನೆಗೆ ನಡಿ” ಎಂದು ಕೈ ಚಾಚಿದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಪ್ಪು ನನ್ನದೇ. ಆದರೂ ಕೈ ಉಡಿದಾರಕ್ಕೆ ಹೋಗಲಿಲ್ಲ. ನಾಲ್ಕು ದಿನದಲ್ಲಿ ಎರಡು ಸುಳ್ಳು ಹೇಳಿದ್ದೆ, ಒಂದು ಬರೆದು, ಒಂದು ಸುಮ್ಮನಿದ್ದು. ಬಾವನಿಗೆ ಕೊಟ್ಟ ಮಾತು ಮೂರನೆಯದಾಗುತ್ತಿತ್ತು.

“ಮನೆಗ್ ಓಗ್ತೀನಿ ಮೊದಲಾಳಿ. ಕೀಲಿ ನನ್ ಜೊತೆನೇ ಬರ್ತದೆ.”

ನಲವತ್ತೊಂದು. ಕೊಳವೆಯ ಉದ್ದ ಐವತ್ತೇ. ಆಗ ಪರಕ್ ಪರಕ್ ಎಂದು ಸದ್ದು ಕೇಳಿ ತಿರುಗಿದೆವು. ಹುರಿಯುವ ಹೆಂಗಸು ಪೊರಕೆ ಹಿಡಿದು ಕಳದ ಮೂಲೆಯಿಂದ ಸಬ್ಬಕ್ಕಿ ಬಾಚತೊಡಗಿದ್ದಳು.

“ನಮ್ ಎಮ್ಮೆನೂ ಅದೇ ಕೆರೆಗೇ ಓಗೋದು” ಎಂದಳು ಯಾರ ಮುಖವನ್ನೂ ನೋಡದೆ. “ನೀವು ಜಗಳಾಡ್ತಿರಿ. ನಾವು ಬಾಚ್ಕೊಂತೀವಿ.”

ಸಿಪ್ಪೆ ತೆಗೆಯುವವರೂ ಚಾಕು ಕೆಳಗಿಟ್ಟು ಎದ್ದರು. ಮೊದಲಾಳಿ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಆ ಕೈಯಿಂದಲೇ ಒಂದು ಚೀಲದ ಬಾಯಿ ಅಗಲಿಸಿ ಹಿಡಿದರು. ಸಬ್ಬಕ್ಕಿ ತುಂಬಲು.

ಹತ್ತು ನಿಮಿಷದಲ್ಲಿ ಕಳ ಖಾಲಿಯಾಯಿತು. ನೀರು ಹೋಗುವ ತೂತುಗಳಿಗೆ ಮಣ್ಣಿನ ಚೀಲ ಒತ್ತಿದೆವು. ಕೆಳಗಿನ ಪೈಪಿಗೆ ಹೋಸು ಜೋಡಿಸಿ ವಾಲ್ವನ್ನು ಕಾಲು ಸುತ್ತು ತಿರುಗಿಸಿದೆ. ಕಪ್ಪು ನೀರು ಕಳದ ಮೇಲೆ ಹರಡಿತು. ಮೇಡಂ ಅಂಕಿ ಕೂಗುತ್ತಿದ್ದಳು: ನಲವತ್ತಮೂರು. ನಲವತ್ತಮೂರು. ನಲವತ್ತು. ಮೂವತ್ತೆಂಟಕ್ಕೆ ಬಂದು ನಿಂತುಬಿಟ್ಟಿತು. ಮೂವತ್ತೆಂಟು, ಮೂವತ್ತೆಂಟು. ಕಂಬಳಿ ಗೋಡೆಗೆ ಕಚ್ಚಿಕೊಂಡಿದೆ ಎಂದಳು. ಇನ್ನರ್ಧ ಸುತ್ತು ಬಿಟ್ಟೆ. ನೀರು ನನ್ನ ಪಾದ ಮುಚ್ಚಿತು.

ಆಮೇಲೆ ಟ್ಯಾಂಕಿನೊಳಗೆ ದನದ ಹೊಟ್ಟೆ ಗುಡುಗುಡು ಅಂದಂತಾಯಿತು. ಸೀಲಿನ ನೀರು ಎರಡು ಸಲ ಕೆಮ್ಮಿ, ಚಿಮ್ಮಿ, ಸುಯ್ಯೆಂದು ಗ್ಯಾಸು ಆಕಾಶಕ್ಕೆ ಹೋಯಿತು. ಮೂವತ್ತು, ಇಪ್ಪತ್ತೆರಡು, ಹದಿನಾಲ್ಕು. ಶೆಡ್ಡಿನಲ್ಲಿ ಸುಕ್ಕಾಗಿದ್ದ ಬಲೂನಿನ ಒಂದು ಮೂಲೆ ಮೆಲ್ಲಗೆ ಎದ್ದಿತು. ನಾನು ಕಟ್ಟೆಯ ಮೇಲೆ ಕೂತೆ.

ಮನೆಗೆ ನಡಿ ಎಂದದ್ದನ್ನು ಮೊದಲಾಳಿ ಮತ್ತೆ ಎತ್ತಲಿಲ್ಲ. ಮರುದಿನ ಒಳಗಿನ ಗ್ಯಾಸನ್ನೆಲ್ಲ ಹೊರಬಿಟ್ಟು, ಬ್ಲೋವರ್ ಹಚ್ಚಿ, ಮೀಟರು ಸರಿ ಎಂದ ಮೇಲೆಯೇ ಬಾಗಿಲು ತೆಗೆದೆವು. ಯಾರೂ ತಲೆ ಒಳಗೆ ಹಾಕಲಿಲ್ಲ. ಉದ್ದ ಕೊಕ್ಕೆಯಿಂದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹೊರಗೆ ನಿಂತೇ ಎಳೆದೆವು. ಕೊಕ್ಕೆಯ ಒಂದು ಕಡೆ ಫಿಟ್ಟರು, ಒಂದು ಕಡೆ ನಾನು. ಅವನು ಎಳೆ, ಬಿಡು ಎಂಬ ಎರಡು ಮಾತು ಬಿಟ್ಟು ಏನೂ ಆಡಲಿಲ್ಲ. ನಾಲ್ಕು ಬೆರಳು ದಪ್ಪದ ಪದರ, ಹಾಳೆ ಹಾಳೆಯಾಗಿ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಎದುರು ಹೋಗಿ ಕೂತು, ತಪ್ಪಾಯ್ತು, ನೆನ್ನೆ ಮೊನ್ನೆ ಎರಡೂ ದಿನದ್ದು ಅಂದೆ. ಅವನು ತುತ್ತು ನುಂಗಿ, “ಎಲ್ಲರ ಮುಂದೆ ಬೈಸಿದಿಯಲ್ಲ. ಎಲ್ಲರ ಮುಂದೆ ಹೇಳು” ಅಂದ. ಎದ್ದು ನಿಂ‍ತು, ಊಟಕ್ಕೆ ಕೂತಿದ್ದ ಹೆಂಗಸರಿಗೂ ಮೊದಲಾಳಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ. ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಾಗಲೂ ಅಷ್ಟು ಬೆವರಿರಲಿಲ್ಲ.

ಪುಸ್ತಕದಲ್ಲಿ ಹಳೆಯ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ಕುರಿ ಹಿಕ್ಕೆ, ಉಣ್ಣೆ ಸಮೇತ, ಸೋಸದೆ.

ಲಾರಿಯ ಗೆಣಸು ಎಥನಾಲ್ ಫ್ಯಾಕ್ಟರಿಗೆ ಹೋಯಿತು. ಬೆಳೆದವರಿಗೆ ಅದರಿಂದ ಏನೂ ಕಡಿಮೆಯಾಗಲಿಲ್ಲ, ನಮಗೇ ಆಯಿತು. ನಾನು ಗುಂಡಿಯಲ್ಲಿ ಒಣಗಿದ್ದ ತಿಪ್ಪಿ ತುಂಬಿಕೊಂಡು ಆ ಅಜ್ಜಿಯ ಬೀದಿಗೆ ಹೋದೆ. ತಿಪ್ಪಿ ಇಳಿಸಿ, ಸಗಣಿ ತುಂಬಿಕೊಂಡೆ. “ಈಗ ದಾರಿಗ್ ಬಂದೆ” ಎಂದು ಅಜ್ಜಿ ತಾನೇ ಬುಟ್ಟಿ ಎತ್ತಿಕೊಟ್ಟಳು. ಸೋಸಿದೆ, ಎರಡು ಸಲ. ಟ್ಯಾಂಕು ಏಳಕ್ಕೆ ಬರಲು ಹದಿನೆಂಟು ದಿನ ಹಿಡಿಯಿತು. ಅಲ್ಲಿಂದ ತಿಪ್ಪಿ ಟ್ಯಾಂಕಿಗೆ ಹೋಗಿಲ್ಲ. ಒಲೆಗೆ ಸಾಕಾಗಿ ಮಿಕ್ಕ ಗ್ಯಾಸಿನಲ್ಲಿ ಜನರೇಟರ್ ಅರ್ಧ ದಿನ ಓಡುತ್ತದೆ, ಉಳಿದದ್ದಕ್ಕೆ ಕರೆಂಟು. ಇದರಲ್ಲಿ ಮೊದಲಾಳಿಗೆ ಲಾಭವಿಲ್ಲ ಎಂಬುದು ನನಗೂ ಗೊತ್ತು. ಗ್ಯಾಸು ಕಸದಿಂದ ಬರುತ್ತದೆ, ಪುಕ್ಕಟೆ ಎನ್ನುತ್ತಾರೆ. ನಾವು ಕಸ ಅಂದದ್ದನ್ನು ಒಂದು ಬೀದಿಯ ದನ ತಿನ್ನುತ್ತಿತ್ತು.

ಅದೇ ವಾರದ ಶನಿವಾರ ಬಾವನ ಮಂದೆ ಹೇಳಿದ ಹೊತ್ತಿಗೇ ಕೆರೆಗೆ ಬಂತು. ನಾನು ಏರಿಯ ಮೇಲೆ ನಿಂತಿದ್ದೆ. ಅವರು ಮಂದೆಯನ್ನು ತಡೆದು ಮುದಿ ಕುರಿಯೊಂದನ್ನು ಮಾತ್ರ ಮುಂದಕ್ಕೆ ಬಿಟ್ಟರು. ಅದು ಮೂಸಿತು, ತಲೆ ಎತ್ತಿತು, ಮತ್ತೆ ಬಗ್ಗಿ ಕುಡಿಯಿತು. ಬಾವ ಕೋಲು ಪಕ್ಕಕ್ಕೆ ಸರಿಸಿದರು. ಉಳಿದವೆಲ್ಲ ನುಗ್ಗಿದವು.

ಆಮೇಲೆ ತಿಪ್ಪಿ ಕೇಳಲು ಫ್ಯಾಕ್ಟರಿಗೆ ಬಂದರು. ಪಂಪಿನ ಪಕ್ಕದ ಗೋಡೆಗೆ ಫಿಟ್ಟರು ಒಂದು ಮೊಳೆ ಹೊಡೆದು ಆ ಕಪ್ಪು ಹುರಿಯನ್ನು ತೊಳೆದು ನೇತುಹಾಕಿದ್ದ. ಬಾವ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಇದು ನಮ್ ಕುರೀದೇ. ಎಷ್ಟು ಚೆನ್ನಾಗ್ ಹೊಸೆದೈತಲ್ಲಾ ನಿಮ್ ಪಂಪು! ಕೊಡಪ್ಪಾ, ಕಂಬಳಿಗಾಯ್ತದೆ.”

“ಅದ್ ಮಾತ್ರ ಕೇಳಬ್ಯಾಡಿ ಮಾಮ” ಅಂದ ಫಿಟ್ಟರು. ಗುರುವಾರದಿಂದೀಚೆಗೆ ಮೊದಲ ಸಲ ನನ್ನ ಕಡೆ ನೋಡಿ ನಕ್ಕ. “ಅದು ಅಣ್ಣನ ತಾಯ್ತ.”